ಮುರಿದ ಕಾಲನ್ನು ನೆಲಕ್ಕೆ ಊರಿದರೆ ಎಲುಬು ಕೂಡುತ್ತದೆಯೇ, ಮತ್ತೆ ಮುರಿಯುತ್ತದೆಯೇ?

ಮೆಣಸಿನಕಣ | ಭಾನುವಾರ, ರಾತ್ರಿ 9.10

ನಮ್ಮ ಅವ್ವನಿಗೆ 58 ವರ್ಷ. ಬ್ಯಾಡಗಿಯಲ್ಲಿ ನಮ್ಮ ಮನೆ. ಹತ್ತು ವಾರಗಳ ಹಿಂದೆ ಮೆಣಸಿನಕಾಯಿ ಹರವಿದ ಕಣದ ಅಂಚಿನಲ್ಲಿ ಕಾಲು ಜಾರಿ ಬಿದ್ದಳು. ಮೊಣಕಾಲಿನ ಕೆಳಗಿನ ದೊಡ್ಡ ಎಲುಬು ಮುರಿಯಿತು. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಎಲುಬಿನೊಳಗೆ ರಾಡ್ ಕೂರಿಸಿದರು. ಕಳೆದ ವಾರ ಎಕ್ಸ್‌ರೇ ನೋಡಿದ ವೈದ್ಯರು, ‘ಕೂಡುವುದು ನಿಧಾನವಾಗಿದೆ. ನೀವು ಕಾಲು ಊರುತ್ತಲೇ ಇಲ್ಲ. 20 ಕಿಲೋದಿಂದ ಶುರು ಮಾಡಿ, ವಾರವಾರ ಹೆಚ್ಚಿಸುತ್ತ ನಡೆಯಬೇಕು’ ಎಂದರು.

ಅಂದಿನಿಂದ ಮನೆಯಲ್ಲಿ ಜಗಳ. ಸೋದರತ್ತೆ ಹಾಸಿಗೆಯಿಂದ ಇಳಿಯಲು ಬಿಡುತ್ತಿಲ್ಲ. ‘ಹಸಿ ಗೋಡೆಯ ಮೇಲೆ ಯಾರಾದರೂ ಛಾವಣಿ ಹಾಕುತ್ತಾರೆಯೇ?’ ಎಂದು ಕೇಳುತ್ತಾಳೆ. ಅವ್ವನಿಗೂ ಆ ಮಾತೇ ಸರಿ ಎನಿಸಿದೆ. ಕಾಲು ನೆಲಕ್ಕೆ ತಾಗಿದೊಡನೆ ಹೆದರಿ ಎತ್ತಿಕೊಳ್ಳುತ್ತಾಳೆ.

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಎಲುಬಿನಲ್ಲಿ ಕ್ಯಾಲ್ಸಿಯಂ ಇದೆ, ಮಜ್ಜೆಯಲ್ಲಿ ರಕ್ತ ಹುಟ್ಟುತ್ತದೆ ಎಂದು ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಆದರೆ ಭಾರ ಬಿದ್ದದ್ದು ಎಲುಬಿನೊಳಗೆ ಯಾರಿಗೆ ತಿಳಿಯುತ್ತದೆ? ತಿಳಿದ ಮೇಲೆ ಹೊಸ ಎಲುಬು ಕಟ್ಟುವವರು ಯಾರು? ನನಗೇ ಗೊತ್ತಿಲ್ಲದ್ದನ್ನು ಅವ್ವನಿಗೆ ಒಪ್ಪಿಸುವುದು ಆಗುತ್ತಿಲ್ಲ. ಬಲ್ಲವರು ಹೇಳಿ.

ತೋಳನಕೆರೆ | ಭಾನುವಾರ, ರಾತ್ರಿ 9.32

ನಾನು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್. ವೈದ್ಯರು ಹೇಳಿದ್ದು ಸರಿ. ನಡೆಯಲು ಆಗಲಿ ಎಂದೇ ಎಲುಬಿನೊಳಗೆ ರಾಡ್ ಹಾಕುತ್ತಾರೆ. ಅದು ಭಾರದ ಒಂದು ಪಾಲನ್ನು ತಾನು ಹೊತ್ತು, ಉಳಿದದ್ದನ್ನು ಮುರಿದ ಜಾಗಕ್ಕೆ ದಾಟಿಸುತ್ತದೆ. ಹತ್ತು ವಾರ ಕಾಲೂರದೆ ಇದ್ದರೆ ದಾಟಿಸಲು ಅದಕ್ಕೇನೂ ಸಿಕ್ಕಿಲ್ಲ ಎಂದು ಅರ್ಥ. ಆದರೆ 20 ಕಿಲೋ ಎಂದರೆ 20 ಕಿಲೋ. ಅಂದಾಜಿನ ಮೇಲೆ ಮಾಡಬೇಡಿ.

ಲಕ್ಕುಂಡಿ | ಭಾನುವಾರ, ರಾತ್ರಿ 9.50

ಸೋದರತ್ತೆಯ ಮಾತನ್ನು ಇಷ್ಟು ಬೇಗ ತಳ್ಳಿಹಾಕಬೇಡಿ. ನಮ್ಮ ದೊಡ್ಡಪ್ಪನಿಗೆ ತೊಡೆಯ ಎಲುಬಿಗೆ ಪ್ಲೇಟ್ ಹಾಕಿದ್ದರು. ಆರನೇ ವಾರಕ್ಕೆ ಅವರಷ್ಟಕ್ಕೆ ಅವರೇ ಹೊಲಕ್ಕೆ ನಡೆದು ಹೋದರು. ಪ್ಲೇಟ್ ತುಂಡಾಯಿತು. ಎರಡನೇ ಆಪರೇಷನ್, ಮತ್ತೆ ಏಳು ತಿಂಗಳು ಹಾಸಿಗೆ. ಅದನ್ನು ಕಣ್ಣಾರೆ ಕಂಡವನು ನಾನು. ಭಾರದಿಂದ ಎಲುಬು ಬೆಳೆಯುತ್ತದೆ ಎಂದು ಸಾರಾಸಗಟಾಗಿ ಹೇಳುವುದು ಅಪಾಯ.

ತೋಳನಕೆರೆ | ಭಾನುವಾರ, ರಾತ್ರಿ 9.58

ಸಾರಾಸಗಟಾಗಿ ನಾನೂ ಹೇಳಲಿಲ್ಲ. ಪ್ಲೇಟ್ ಎಲುಬಿನ ಒಂದು ಮಗ್ಗುಲಲ್ಲಿ ಇರುತ್ತದೆ, ಭಾರ ಬಿದ್ದಾಗ ಬಾಗುತ್ತದೆ. ರಾಡ್ ನಟ್ಟನಡುವೆ ಇರುತ್ತದೆ. ಎರಡರ ಲೆಕ್ಕ ಬೇರೆ. ನಿಮ್ಮ ದೊಡ್ಡಪ್ಪನಿಗೆ ನಡೆಯಿರಿ ಎಂದು ಯಾರೂ ಹೇಳಿರಲಿಲ್ಲ. ಇವರ ತಾಯಿಗೆ ಎಕ್ಸ್‌ರೇ ನೋಡಿದ ವೈದ್ಯರೇ ಹೇಳಿದ್ದಾರೆ.

ಗರಡಿಮನೆ | ಭಾನುವಾರ, ರಾತ್ರಿ 10.15

ಧಾರವಾಡದ ಗರಡಿಯಲ್ಲಿ ನಲವತ್ತು ವರ್ಷ ಮಣ್ಣು ಮೈಗೆ ಹಚ್ಚಿಕೊಂಡವನು ನಾನು. ದಿನಾ ಸಾಮು ಮಾಡಿದವನ ಮುಂಗೈ ಹಿಡಿದು ನೋಡಿ, ಮಾಡದವನ ಮುಂಗೈ ಹಿಡಿದು ನೋಡಿ. ಬರೀ ಮಾಂಸದ ವ್ಯತ್ಯಾಸವಲ್ಲ, ಎಲುಬೇ ದಪ್ಪ ಇರುತ್ತದೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರ ಮಣಿಕಟ್ಟು ನೋಡಿದರೆ ಸಾಕು. ನಮ್ಮ ಉಸ್ತಾದರು ಇದನ್ನು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ.

ವಿದ್ಯಾಗಿರಿ | ಭಾನುವಾರ, ರಾತ್ರಿ 10.31

ಗರಡಿಯವರ ಮಾತಿಗೆ ಪುಸ್ತಕದ ಬೆಂಬಲವೂ ಇದೆ. ಟೆನಿಸ್ ಆಟಗಾರರ ಆಡುವ ಕೈಯ ಎಲುಬು ಇನ್ನೊಂದು ಕೈಯದಕ್ಕಿಂತ ದಪ್ಪ ಇರುವುದನ್ನು ಅಳೆದು ನೋಡಿದ್ದಾರೆ. ಒಂದೇ ದೇಹ, ಒಂದೇ ಊಟ, ಬೇರೆ ಆದದ್ದು ಹೊಡೆತ ಮಾತ್ರ.

ನಾನು ಸಿವಿಲ್ ಎಂಜಿನಿಯರ್, ಆದ್ದರಿಂದ ಇದು ನನಗೆ ಬಹಳ ಇಷ್ಟದ ಸಂಗತಿ. ತೊಡೆಯ ಎಲುಬಿನ ತಲೆಯನ್ನು ಉದ್ದಕ್ಕೆ ಸೀಳಿದರೆ ಒಳಗೆ ಸಣ್ಣ ಸಣ್ಣ ಎಲುಬಿನ ಕಡ್ಡಿಗಳು ಬಿಲ್ಲಿನಂತೆ ಬಾಗಿ ನಿಂತಿರುತ್ತವೆ. 1866ರಲ್ಲಿ ಜ್ಯೂರಿಕ್‌ನ ಎಂಜಿನಿಯರ್ ಕಾರ್ಲ್ ಕುಲ್ಮನ್ ಅದನ್ನು ನೋಡಿ, ತಾನು ಕ್ರೇನ್‌ಗೆ ಎಳೆಯುವ ಒತ್ತಡದ ರೇಖೆಗಳೂ ಇವೂ ಒಂದೇ ಎಂದು ಗುರುತಿಸಿದರು. ಬರ್ಲಿನ್ನಿನ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಇದನ್ನೇ ನಿಯಮವಾಗಿ ಬರೆದರು: ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರೂಪ ಬದಲಿಸುತ್ತದೆ. ಕಾಂಕ್ರೀಟ್ ಕಂಬಕ್ಕೆ ಆ ಭಾಗ್ಯವಿಲ್ಲ. ಎಲ್ಲಿ ಕಬ್ಬಿಣ ಬೇಕು ಎಂದು ನಾವೇ ಲೆಕ್ಕ ಹಾಕಿ ಇಡಬೇಕು.

ಮೆಣಸಿನಕಣ | ಭಾನುವಾರ, ರಾತ್ರಿ 10.44

ದಪ್ಪವಾಗುತ್ತದೆ ಎಂಬುದು ಒಪ್ಪಿಗೆ. ಹೇಗೆ ಎಂಬುದೇ ನನ್ನ ಪ್ರಶ್ನೆ. ಅದೂ ಮುರಿದ ಜಾಗದಲ್ಲಿ.

ಸಾಧನಕೇರಿ | ಸೋಮವಾರ, ಬೆಳಗ್ಗೆ 6.20

ಹಲವು ವರ್ಷ ಪ್ರಯೋಗಾಲಯದಲ್ಲಿ ಇದೇ ಕೋಶಗಳನ್ನು ಬೆಳೆಸಿದ್ದೇನೆ, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಎಲುಬು ಕಟ್ಟುವ ಕೋಶಗಳು ಆಕಾಶದಿಂದ ಬರುವುದಿಲ್ಲ. ಮಜ್ಜೆಯಲ್ಲಿ, ಎಲುಬಿನ ಮೇಲಿನ ತೆಳು ಪೊರೆಯಲ್ಲಿ ಕೆಲವು ಕಾಂಡಕೋಶಗಳು ಇರುತ್ತವೆ. ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960ರ ದಶಕದಿಂದ ಇವುಗಳ ಮೇಲೆ ಕೆಲಸ ಮಾಡಿದರು. 1991ರಲ್ಲಿ ಆರ್ನಲ್ಡ್ ಕ್ಯಾಪ್ಲನ್ ಇವನ್ನು ಮೀಸೆಂಕೈಮಲ್ ಕಾಂಡಕೋಶ ಎಂದು ಕರೆದರು. ಈ ಕೋಶ ಎಲುಬಿನ ಕೋಶವಾಗಬಹುದು, ಮೃದ್ವಸ್ಥಿಯ (ಕಿವಿಯಲ್ಲಿರುವಂಥ ಮೆತ್ತನೆಯ ಎಲುಬು) ಕೋಶವಾಗಬಹುದು, ಕೊಬ್ಬಿನ ಕೋಶವೂ ಆಗಬಹುದು. ಹದಿನೆಂಟರ ಹುಡುಗನ ಹಾಗೆ, ಇನ್ನೂ ಯಾವ ಕಸುಬನ್ನೂ ಹಿಡಿದಿಲ್ಲ.

ಯಾವ ಕಸುಬು ಎಂದು ನಿರ್ಧರಿಸುವುದು ಯಾವುದು? ರಾಸಾಯನಿಕ ಸಂದೇಶಗಳು ಎಂದು ಬಹಳ ಕಾಲ ನಂಬಿದ್ದೆವು. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. 2004ರಲ್ಲಿ ಕ್ರಿಸ್ಟೋಫರ್ ಚೆನ್ ಅವರ ತಂಡ ಒಂದು ಸರಳ ಪ್ರಯೋಗ ಮಾಡಿತು. ಕೋಶ ಅಂಟಿಕೊಳ್ಳಲು ಅತಿ ಸಣ್ಣ ಚೌಕಗಳನ್ನು ಮಾಡಿದರು, ಕೆಲವು ಇಕ್ಕಟ್ಟು, ಕೆಲವು ವಿಶಾಲ. ದ್ರವ ಒಂದೇ, ಆಹಾರ ಒಂದೇ. ಇಕ್ಕಟ್ಟಿನಲ್ಲಿ ಉಂಡೆಯಾಗಿ ಕುಳಿತ ಕೋಶಗಳು ಕೊಬ್ಬಿನ ದಾರಿ ಹಿಡಿದವು. ವಿಶಾಲ ಚೌಕದಲ್ಲಿ ಕೈಕಾಲು ಚಾಚಿ ಬಿಗಿಯಾಗಿ ಎಳೆದುಕೊಂಡು ನಿಂತವು ಎಲುಬಿನ ದಾರಿ ಹಿಡಿದವು.

2006ರಲ್ಲಿ ಆಡಮ್ ಎಂಗ್ಲರ್, ಡೆನ್ನಿಸ್ ಡಿಶರ್ ಮತ್ತು ಅವರ ಸಂಗಡಿಗರು ಇನ್ನೊಂದು ಹೆಜ್ಜೆ ಇಟ್ಟರು. ಕೋಶದ ಕೆಳಗಿನ ಹಾಸನ್ನೇ ಮೆದು, ಗಟ್ಟಿ ಮಾಡಿ ನೋಡಿದರು. ಮೆದುಳಿನಷ್ಟು ಮೆದು ಹಾಸಿನ ಮೇಲೆ, ಅಂದರೆ ಗಟ್ಟಿತನದ ಅಳತೆ 1 ಕಿಲೋಪಾಸ್ಕಲ್‌ಗೂ ಕಡಿಮೆ ಇದ್ದಲ್ಲಿ, ಕೋಶ ನರಕೋಶದ ಲಕ್ಷಣ ತೋರಿತು. 8ರಿಂದ 17ರ ನಡುವೆ ಸ್ನಾಯುವಿನ ಲಕ್ಷಣ. 25ರಿಂದ 40ರ ನಡುವೆ ಎಲುಬಿನ ಲಕ್ಷಣ. ಕೋಶ ಹಾಸನ್ನು ಹಿಡಿದು ಎಳೆದು ನೋಡುತ್ತದೆ. ಹಾಸು ಬಗ್ಗಿದರೆ ಒಂದು ನಿರ್ಧಾರ, ಬಗ್ಗದಿದ್ದರೆ ಇನ್ನೊಂದು. ಪೇಟೆಯಲ್ಲಿ ಬಟ್ಟೆಯನ್ನು ಬೆರಳಲ್ಲಿ ಎಳೆದು ನೋಡುತ್ತೇವಲ್ಲ, ಹಾಗೆ.

ಎಳೆತದ ಸುದ್ದಿ ಒಳಗೆ ಹೋಗುವ ದಾರಿಗಳೂ ಈಗ ಸ್ವಲ್ಪ ಗೊತ್ತಾಗಿವೆ. ಕೋಶದ ಪೊರೆಯಲ್ಲಿ ಪೀಝೋ1 ಎಂಬ ಬಾಗಿಲಿದೆ. ಪೊರೆ ಬಿಗಿಯಾದಾಗ ಅದು ತೆರೆದು ಕ್ಯಾಲ್ಸಿಯಂ ಅಯಾನುಗಳನ್ನು ಒಳಗೆ ಬಿಡುತ್ತದೆ. ಇದನ್ನು 2010ರಲ್ಲಿ ಪತ್ತೆ ಮಾಡಿದ ತಂಡದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಇನ್ನು ಯಾಪ್, ಟಾಜ್ ಎಂಬ ಎರಡು ಪ್ರೋಟೀನುಗಳಿವೆ. ಕೋಶ ಬಿಗಿಯಾಗಿ ಎಳೆದುಕೊಂಡು ನಿಂತಾಗ ಅವು ಕೋಶಕೇಂದ್ರದೊಳಗೆ ಹೋಗಿ ವಂಶವಾಹಿಗಳನ್ನು ಎಬ್ಬಿಸುತ್ತವೆ. ಕೋಶ ಸಡಿಲವಾದರೆ ಹೊರಗೇ ಉಳಿಯುತ್ತವೆ. ಇದು 2011ರಲ್ಲಿ ಸ್ಪಷ್ಟವಾಯಿತು.

ನಿಮ್ಮ ಅವ್ವನ ಕಾಲಿನ ವಿಷಯಕ್ಕೆ ಮಧ್ಯಾಹ್ನ ಬರುತ್ತೇನೆ. ಪಾಠಕ್ಕೆ ಹೊತ್ತಾಯಿತು.

ಪದಕೋಶ | ಸೋಮವಾರ, ಬೆಳಗ್ಗೆ 7.05

ವಿಷಯ ಚೆನ್ನಾಗಿದೆ. ಆದರೆ ‘ಕಾಂಡಕೋಶ’ ಎಂಬ ಪದ ನನಗೆ ಒಪ್ಪಿಗೆಯಿಲ್ಲ. ಕಾಂಡ ಎಂದೊಡನೆ ಕನ್ನಡಿಗನ ಕಣ್ಣಿಗೆ ಬರುವುದು ಮರದ ಬೊಡ್ಡೆ. ‘ಆಕರಕೋಶ’ ಎಂದರೆ ಏನನ್ನು ಹೇಳುತ್ತಿದ್ದೇವೆ ಎಂಬುದು ತಾನಾಗಿ ತಿಳಿಯುತ್ತದೆ.

ಬೆಟಗೇರಿ ಮಗ್ಗ | ಸೋಮವಾರ, ಬೆಳಗ್ಗೆ 7.18

ಪತ್ರಿಕೆಗಳಲ್ಲಿ ಕಾಂಡಕೋಶ ಎಂದೇ ಬರುತ್ತದೆ. ರೂಢಿಯಾದದ್ದನ್ನು ಈಗ ಯಾಕೆ ಕದಲಿಸುವುದು? ಬೊಡ್ಡೆಯಿಂದಲೇ ತಾನೆ ಕೊಂಬೆಗಳು ಒಡೆಯುವುದು, ಹೋಲಿಕೆ ಕೆಟ್ಟದ್ದೇನಲ್ಲ.

ನನ್ನದೂ ಒಂದು ಪ್ರಶ್ನೆ. ನಮ್ಮ ತಂದೆ ನಲವತ್ತೈದು ವರ್ಷ ಕುಣಿಮಗ್ಗದಲ್ಲಿ ಕುಳಿತು ತುಳಿಯುತ್ತ ನೇಯ್ದರು. ದಿನಕ್ಕೆ ಸಾವಿರಾರು ಸಲ ಕಾಲು ಒತ್ತಿದವರು. ಆದರೂ ಈಗ ಪರೀಕ್ಷೆ ಮಾಡಿಸಿದರೆ ಸೊಂಟದ ಎಲುಬು ಸವೆದಿದೆ ಎನ್ನುತ್ತಾರೆ. ಕೆಲಸ ಮಾಡಿದ ಕಾಲಿಗೆ ಈ ಲೆಕ್ಕ ಯಾಕೆ ಅನ್ವಯಿಸಲಿಲ್ಲ?

ತೋಳನಕೆರೆ | ಸೋಮವಾರ, ಬೆಳಗ್ಗೆ 8.02

@ಬೆಟಗೇರಿ ಮಗ್ಗ, ವಯಸ್ಸು, ಊಟ, ಹಾರ್ಮೋನು ಎಲ್ಲ ಸೇರಿರುತ್ತವೆ, ಒಂದೇ ಕಾರಣ ಹೇಳಲಾಗದು. ಆದರೆ ಕುಳಿತು ತುಳಿಯುವಾಗ ಮೈಯ ಭಾರ ಸೊಂಟದ ಮೂಲಕ ನೆಲಕ್ಕೆ ಇಳಿಯುವುದೇ ಇಲ್ಲ. ಸೈಕಲ್ ಸ್ಪರ್ಧಿಗಳಲ್ಲೂ ಹೀಗೆಯೇ. ಹೃದಯ, ಶ್ವಾಸಕೋಶ ಅತ್ಯುತ್ತಮ, ತೊಡೆ ಕಲ್ಲಿನಂತೆ. ಬೆನ್ನೆಲುಬಿನ ಸಾಂದ್ರತೆ ಮಾತ್ರ ಎಷ್ಟೋ ಸಲ ಕಡಿಮೆ. ಈಜುಗಾರರಿಗೂ ಎಲುಬಿನ ಲಾಭ ಹೆಚ್ಚಿಲ್ಲ. ಎಲುಬಿಗೆ ಬೇಕಾದದ್ದು ದಣಿವಲ್ಲ, ತಟ್ಟು.

ಗರಡಿಮನೆ | ಸೋಮವಾರ, ಬೆಳಗ್ಗೆ 8.40

ತಟ್ಟು! ನಮ್ಮ ಉಸ್ತಾದರೂ ಹಾಗೆಯೇ ಹೇಳುತ್ತಿದ್ದರು: ಕಲ್ಲು ಹೊತ್ತು ನಿಂತರೆ ಮೈ ಗಟ್ಟಿಯಾಗುವುದಿಲ್ಲ, ಎತ್ತಿ ಇಳಿಸಬೇಕು.

ಸಾಧನಕೇರಿ | ಸೋಮವಾರ, ಮಧ್ಯಾಹ್ನ 1.35

ಗರಡಿಯವರೇ, ನಿಮ್ಮ ಉಸ್ತಾದರ ಮಾತು 1984ರಲ್ಲಿ ಪ್ರಯೋಗದಿಂದ ಸಾಬೀತಾಗಿದೆ. ಕ್ಲಿಂಟನ್ ರೂಬಿನ್ ಮತ್ತು ಲಾನ್ಸ್ ಲ್ಯಾನ್ಯನ್ ಹಕ್ಕಿಗಳ ರೆಕ್ಕೆಯ ಎಲುಬಿನ ಮೇಲೆ ಭಾರ ಹಾಕಿ ನೋಡಿದರು. ಒಂದೇ ಸಮನೆ ಒತ್ತಿ ಹಿಡಿದರೆ ಎಲುಬು ಬೆಳೆಯಲಿಲ್ಲ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಬೆಳೆಯಿತು. ಇನ್ನೂ ಅಚ್ಚರಿಯ ಸಂಗತಿ: ದಿನಕ್ಕೆ 36 ಸಲ ಸಾಕಾಯಿತು. ನೂರಾರು ಸಲ ಹೆಚ್ಚಿಸಿದರೂ ಹೆಚ್ಚಿನ ಲಾಭ ಬರಲಿಲ್ಲ. ಎಲುಬಿನ ಕೋಶಗಳಿಗೆ ಸುದ್ದಿ ಒಮ್ಮೆ ಮುಟ್ಟಿದರೆ ಸಾಕು, ಆಮೇಲೆ ಅವು ಕಿವಿ ಮುಚ್ಚಿಕೊಳ್ಳುತ್ತವೆ. ಮತ್ತೆ ಕೇಳಿಸಿಕೊಳ್ಳಲು ಕೆಲವು ಗಂಟೆಗಳ ಬಿಡುವು ಬೇಕು. ಆದ್ದರಿಂದ ಸ್ವಸ್ಥ ಎಲುಬಿಗೆ ಒಂದೇ ಸಲ ಒಂದು ಗಂಟೆಗಿಂತ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಒಳ್ಳೆಯದು.

ಈಗ ಮುರಿದ ಜಾಗ. ಅಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಅದರೊಳಗೆ ಕಾಂಡಕೋಶಗಳು ಬಂದು ಸೇರುತ್ತವೆ. (ಪದಕೋಶದವರು ಆಕರಕೋಶ ಎಂದು ಓದಿಕೊಳ್ಳಲಿ.) ಅವು ಏನಾಗಬೇಕು ಎಂಬುದು ಆ ಸಂದಿನ ಅಲುಗಾಟದ ಮೇಲೆ ನಿಂತಿದೆ. ಸ್ವಿಟ್ಜರ್ಲೆಂಡಿನ ಸ್ಟೀಫನ್ ಪೆರೆನ್ ಇದಕ್ಕೆ ಒಂದು ಲೆಕ್ಕ ಕೊಟ್ಟರು. ಯಾವ ಅಂಗಾಂಶವೂ ತಾನು ಹರಿದುಹೋಗುವಷ್ಟು ಎಳೆತ ಇರುವಲ್ಲಿ ಹುಟ್ಟಲಾರದು. ಎಲುಬು ಸುಮಾರು ಶೇ 2ರಷ್ಟು ಎಳೆತಕ್ಕೇ ಬಿರಿಯುತ್ತದೆ. ಮೃದ್ವಸ್ಥಿ ಸುಮಾರು ಶೇ 10 ತಡೆಯುತ್ತದೆ. ಮೊದಲು ಹುಟ್ಟುವ ಹಸಿ ಅಂಗಾಂಶ ಎರಡು ಪಟ್ಟು ಉದ್ದವಾದರೂ ಹರಿಯದು.

ನೀವು ಮಕ್ಕಳಿಗೆ ಹೇಳಬಹುದಾದ ಲೆಕ್ಕ ಇದು: ಸಂದು 1 ಮಿಲಿಮೀಟರ್ ಇದ್ದು ಅರ್ಧ ಮಿಲಿಮೀಟರ್ ಅಲುಗಿದರೆ ಎಳೆತ ಶೇ 50. ಸಂದು 10 ಮಿಲಿಮೀಟರ್ ಇದ್ದು ಅಷ್ಟೇ ಅಲುಗಿದರೆ ಶೇ 5. ಅಲುಗಾಟ ಬಹಳವಾದರೆ ನಾರು ಮಾತ್ರ ಹುಟ್ಟಿ ಎಲುಬು ಕೂಡದೆ ಉಳಿಯುತ್ತದೆ. ರಾಡ್ ಇರುವ ಕಾಲಿನಲ್ಲಿ ಅಲುಗಾಟವೇ ಇಲ್ಲದಿದ್ದರೆ ಕೋಶಗಳಿಗೆ ಸುದ್ದಿಯೇ ಇಲ್ಲ, ಸುತ್ತ ಕಟ್ಟಬೇಕಾದ ಗಂಟು ಸೊರಗುತ್ತದೆ. ನಡುವೆ ಒಂದು ಹದ ಇದೆ. ಆ ಹದದಲ್ಲಿ ಮೊದಲು ಮೃದ್ವಸ್ಥಿ ಕಟ್ಟುತ್ತದೆ, ಅದು ಸಂದನ್ನು ಬಿಗಿಗೊಳಿಸುತ್ತದೆ. ಬಿಗಿಯಾದ ಜಾಗದಲ್ಲಿ ಎಳೆತ ಇಳಿಯುತ್ತದೆ. ಇಳಿದಲ್ಲಿ ಎಲುಬು ಹುಟ್ಟುತ್ತದೆ. ಮುಂದಿನವರಿಗೆ ನಿಲ್ಲುವ ಜಾಗ ಮಾಡಿಕೊಟ್ಟು ಹಿಂದಿನವರು ಕರಗುತ್ತಾರೆ.

1985ರಲ್ಲಿ ಬ್ರಿಟನ್ನಿನ ಗುಡ್‌ಶಿಪ್ ಮತ್ತು ಕೆನ್‌ರೈಟ್ ಕುರಿಗಳ ಮುರಿದ ಕಾಲಿನ ಮೇಲೆ ಇದನ್ನು ತೋರಿಸಿದರು. ಗಟ್ಟಿಯಾಗಿ ಬಿಗಿದಿಟ್ಟ ಕಾಲುಗಳಿಗಿಂತ, ದಿನಕ್ಕೆ ಸುಮಾರು 17 ನಿಮಿಷ ಮಾತ್ರ ಉದ್ದಕ್ಕೆ ಸಣ್ಣಗೆ ಅಲುಗಿಸಿದ ಕಾಲುಗಳು ಚೆನ್ನಾಗಿ ಕೂಡಿದವು. ದಿನದ ಉಳಿದ ಹೊತ್ತೆಲ್ಲ ಬಿಗಿಯಾಗಿಯೇ ಇಟ್ಟಿದ್ದರು.

ನಿಮ್ಮ ಸೋದರತ್ತೆಯ ಹಸಿ ಗೋಡೆಯ ಹೋಲಿಕೆ ತಪ್ಪಾಗುವುದು ಇಲ್ಲಿಯೇ. ಹಸಿ ಗೋಡೆಗೆ ಭಾರ ಬಿದ್ದದ್ದು ತಿಳಿಯುವುದಿಲ್ಲ, ಇಲ್ಲಿ ತಿಳಿಯುತ್ತದೆ.

ಲಕ್ಕುಂಡಿ | ಸೋಮವಾರ, ಮಧ್ಯಾಹ್ನ 2.20

ಓದಿದೆ, ಎರಡು ಸಲ ಓದಿದೆ. ಒಂದು ಆಕ್ಷೇಪ ಇದೆ. ಗಾಜಿನ ತಟ್ಟೆಯಲ್ಲಿ ಕೋಶಗಳನ್ನು ಎಳೆದು ನೋಡುವಾಗ ಶೇ 1ರಿಂದ 10ರಷ್ಟು ಎಳೆಯುತ್ತಾರೆ ಎಂದು ನಾನು ಓದಿದ್ದೇನೆ. ಮುರಿದ ಸಂದಿನಲ್ಲಿ ಅಷ್ಟು ಇರಬಹುದು. ಆದರೆ ಗಟ್ಟಿ ಎಲುಬು ಓಡುವಾಗ ಕೂಡ ಶೇ 0.3ಕ್ಕಿಂತ ಹೆಚ್ಚು ಬಗ್ಗುವುದಿಲ್ಲವಂತೆ. ಹಾಗಾದರೆ ಟೆನಿಸ್ ಆಟಗಾರನ ಕೈ ದಪ್ಪವಾದದ್ದು ಹೇಗೆ? ತಟ್ಟೆಯಲ್ಲಿ ಕಂಡದ್ದನ್ನು ಕಾಲಿಗೆ ಹಚ್ಚುವ ಮೊದಲು ಇದಕ್ಕೆ ಉತ್ತರ ಬೇಕು.

ಸಾಧನಕೇರಿ | ಸೋಮವಾರ, ಸಂಜೆ 6.48

ಒಳ್ಳೆಯ ಆಕ್ಷೇಪ. ಸಂಶೋಧಕರನ್ನೂ ಬಹಳ ಕಾಲ ಕಾಡಿದ್ದು ಇದೇ.

ಗಟ್ಟಿ ಎಲುಬಿನಲ್ಲಿ ಶೇ 90ಕ್ಕೂ ಹೆಚ್ಚು ಕೋಶಗಳು ಅಸ್ಥಿಕೋಶಗಳು, ಎಲುಬಿನೊಳಗೇ ಹುದುಗಿಹೋದವು. ಪ್ರತಿಯೊಂದೂ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಕಾಲುವೆಗಳಲ್ಲಿ ತನ್ನ ಎಳೆಗಳನ್ನು ಚಾಚಿ ನೆರೆಯ ಕೋಶವನ್ನು ಮುಟ್ಟಿಕೊಂಡಿರುತ್ತದೆ. ಕಾಲುವೆಗಳ ತುಂಬ ದ್ರವ. ಎಲುಬು ಕೊಂಚವೇ ಬಗ್ಗಿದರೂ ಆ ದ್ರವ ಇಕ್ಕಟ್ಟಿನಲ್ಲಿ ಒತ್ತಿ ಹರಿಯುತ್ತದೆ, ಹರಿಯುವಾಗ ಕೋಶದ ಎಳೆಗಳನ್ನು ಜಗ್ಗುತ್ತದೆ. ಎಲುಬಿನ ಸಣ್ಣ ಬಗ್ಗುವಿಕೆ ಕೋಶದ ಮಟ್ಟದಲ್ಲಿ ಹಲವು ಪಟ್ಟು ದೊಡ್ಡದಾಗುವುದು ಹೀಗೆ. ಒತ್ತಿ ಹಿಡಿದರೆ ದ್ರವ ನಿಂತುಬಿಡುತ್ತದೆ. ಒತ್ತಿ ಬಿಟ್ಟರೆ ಹರಿದಾಡುತ್ತದೆ. ಉಸ್ತಾದರ ಕಲ್ಲಿನ ರಹಸ್ಯದ ದೊಡ್ಡ ಪಾಲು ಇಲ್ಲಿದೆ.

ಅಸ್ಥಿಕೋಶಗಳು ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಅದು ಎಲುಬು ಕಟ್ಟುವ ಕೆಲಸಕ್ಕೆ ತಡೆ. ಭಾರ ಬಿದ್ದಲ್ಲಿ ಈ ತಡೆ ಕಡಿಮೆಯಾಗುತ್ತದೆ, ಆಗ ಕಾಂಡಕೋಶಗಳಿಗೆ ಎಲುಬಿನ ದಾರಿ ತೆರೆಯುತ್ತದೆ. ಇದೇ ಪ್ರೋಟೀನನ್ನು ಹಿಡಿದು ನಿಲ್ಲಿಸುವ ರೊಮೊಸೊಜುಮ್ಯಾಬ್ ಎಂಬ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಭಾರವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಗಗನಯಾತ್ರಿಗಳಲ್ಲಿ ನೋಡಬಹುದು. ಅಂತರಿಕ್ಷದಲ್ಲಿ ಸೊಂಟದ ಎಲುಬಿನ ಸಾಂದ್ರತೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಇಳಿಯುತ್ತದೆ.

ಲಕ್ಕುಂಡಿ | ಸೋಮವಾರ, ಸಂಜೆ 7.05

ಇದು ಉತ್ತರ. ಒಪ್ಪಿದೆ. ಆದರೂ ದೊಡ್ಡಪ್ಪನ ಪ್ಲೇಟ್ ತುಂಡಾದದ್ದನ್ನು ಮರೆಯಬೇಡಿ.

ವರದಾ ತೀರ | ಸೋಮವಾರ, ರಾತ್ರಿ 8.12

ಎಳೆದರೆ ಎಲುಬು ಹುಟ್ಟುತ್ತದೆ ಎಂಬುದಕ್ಕೆ ನನ್ನ ಕಾಲೇ ಸಾಕ್ಷಿ. ಹಾನಗಲ್ ರಸ್ತೆಯಲ್ಲಿ ಬೈಕ್ ಅಪಘಾತವಾಗಿ ಎಡಗಾಲಿನ ಎಲುಬಿನ ಒಂದು ತುಂಡೇ ಹೋಯಿತು. ಕಾಲಿನ ಸುತ್ತ ಬಳೆಗಳನ್ನು ಹಾಕಿ, ತಂತಿ ತೂರಿಸಿ ಇಲಿಝಾರೋವ್ ಚೌಕಟ್ಟು ಕಟ್ಟಿದರು. ಗಾಯದಿಂದ ದೂರ, ಚೆನ್ನಾಗಿದ್ದ ಜಾಗದಲ್ಲಿ ಎಲುಬನ್ನು ಕತ್ತರಿಸಿದರು. ಒಂದು ವಾರ ಸುಮ್ಮನೆ ಬಿಟ್ಟು, ಆಮೇಲೆ ದಿನಕ್ಕೆ ನಾಲ್ಕು ಸಲ ತಿರುಪನ್ನು ಕಾಲು ಸುತ್ತು ತಿರುಗಿಸಬೇಕು. ಒಂದು ಸಲಕ್ಕೆ 0.25 ಮಿಲಿಮೀಟರ್, ದಿನಕ್ಕೆ 1 ಮಿಲಿಮೀಟರ್. ಬೆಳಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಹನ್ನೆರಡು. ಹೆಂಡತಿ ಅಲಾರಂ ಇಟ್ಟುಕೊಂಡು ಸ್ಪ್ಯಾನರ್ ಹಿಡಿದು ಬರುತ್ತಿದ್ದಳು. ತಿರುಗಿಸಿದ ಕೂಡಲೇ ಕಾಲೊಳಗೆ ಒಂದು ಬಿಗಿತ, ತಂತಿ ಶ್ರುತಿ ಮಾಡಿದ ಹಾಗೆ. ನಾಲ್ಕು ಸೆಂಟಿಮೀಟರ್ ಹೊಸ ಎಲುಬು ಬಂತು. ಎಕ್ಸ್‌ರೇಯಲ್ಲಿ ಮೊದಮೊದಲು ಮೋಡದ ಹಾಗೆ ಕಾಣುತ್ತಿತ್ತು, ಆಮೇಲೆ ಎಳೆದ ದಿಕ್ಕಿನಲ್ಲೇ ಗೆರೆಗಳು ಮೂಡಿದವು. ಚೌಕಟ್ಟು ಇದ್ದಾಗಲೇ ನನ್ನನ್ನು ನಡೆಸಿದರು.

ಇದನ್ನು ಕಂಡುಹಿಡಿದ ಗಾವ್ರಿಲ್ ಇಲಿಝಾರೋವ್ ಸೈಬೀರಿಯಾದ ಕುರ್ಗಾನ್‌ನಲ್ಲಿ 1951ರಿಂದ ಈ ಕೆಲಸ ಮಾಡಿದವರು. ವೇಗ ಹೆಚ್ಚಾದರೆ ನಾರು ಮಾತ್ರ, ಕಡಿಮೆಯಾದರೆ ಎಲುಬು ಬೇಗ ಕೂಡಿ ಮುಂದೆ ಎಳೆಯಲು ಬಾರದು. ಸಾಧನಕೇರಿಯವರು ಹೇಳಿದ ಹದ ಎಂದರೆ ಇದೇ ಇರಬೇಕು.

ಸವಣೂರೆಲೆ | ಸೋಮವಾರ, ರಾತ್ರಿ 8.55

ನಮ್ಮ ಅಜ್ಜ ಎಲುಬು ಕೂಡಿಸುವ ನಾಟಿವೈದ್ಯರು. ಬಿದಿರಿನ ದಬ್ಬೆ, ಬಟ್ಟೆ, ಮೊಟ್ಟೆಯ ಬಿಳಿಯ ಲೇಪ. ಮೂರನೇ ವಾರಕ್ಕೇ ‘ಕಾಲು ಊರು’ ಎಂದು ಗದರುತ್ತಿದ್ದರು. ಜನ ಅವರನ್ನು ಒರಟ ಎನ್ನುತ್ತಿದ್ದರು. ಈಗ ಇದನ್ನೆಲ್ಲ ಓದಿ ಅಜ್ಜನ ನೆನಪಾಯಿತು.

ತೋಳನಕೆರೆ | ಸೋಮವಾರ, ರಾತ್ರಿ 9.10

ಅಜ್ಜನ ಬಗ್ಗೆ ಗೌರವವಿದೆ. ಆದರೆ ದಬ್ಬೆ ಬಿಗಿಯಾಗಿ ರಕ್ತ ಹರಿಯದೆ ಬೆರಳು ಕಪ್ಪಾದ ಮಕ್ಕಳನ್ನು ನಾನು ನೋಡಿದ್ದೇನೆ. ಎಕ್ಸ್‌ರೇ ಇಲ್ಲದೆ ಕಟ್ಟಿ ಕಾಲು ಸೊಟ್ಟಗಾದವರನ್ನೂ ನೋಡಿದ್ದೇನೆ. ನಡೆಸಬೇಕು ಎಂಬ ತಿಳಿವಳಿಕೆ ಸರಿ, ಉಳಿದದ್ದಕ್ಕೆ ಆಸ್ಪತ್ರೆಗೇ ಹೋಗಿ.

@ಮೆಣಸಿನಕಣ, ಕೇಳಲು ಮರೆತೆ. ತಾಯಿ ಎಲೆ ಅಡಿಕೆಯ ಜೊತೆ ತಂಬಾಕು ಹಾಕುತ್ತಾರೆಯೇ?

ಕಪ್ಪತಗುಡ್ಡ | ಸೋಮವಾರ, ರಾತ್ರಿ 9.41

ಮುಂಡರಗಿ ಕಡೆಯವನ ಒಂದು ಮಾತು. ಇಲ್ಲಿ ಎಲ್ಲರೂ ಎಲುಬಿನ ಸಾಂದ್ರತೆ, ಸಾಂದ್ರತೆ ಎನ್ನುತ್ತಿದ್ದೀರಿ. ನಮ್ಮ ಭಾಗದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ನಿಯಮ. ವರ್ಷಗಟ್ಟಲೆ ಅದಕ್ಕಿಂತ ಬಹಳ ಹೆಚ್ಚು ಕುಡಿದವರ ಎಲುಬು ಎಕ್ಸ್‌ರೇಯಲ್ಲಿ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಆದರೆ ಬೆನ್ನು ಬಾಗುವುದಿಲ್ಲ, ಕೀಲು ಮಡಚುವುದಿಲ್ಲ, ಬಿದ್ದರೆ ಪಟ್ಟನೆ ಮುರಿಯುತ್ತದೆ. ದಟ್ಟವಾದ ಎಲುಬೆಲ್ಲ ಗಟ್ಟಿ ಎಲುಬಲ್ಲ. ನಮ್ಮ ಚಿಕ್ಕವ್ವ ನೆಲದ ಮೇಲೆ ಕುಳಿತು ಊಟ ಮಾಡಿ ಹದಿನೈದು ವರ್ಷವಾಯಿತು. ಗೂಟದ ಹಾಗೆ ನಿಂತೇ ಇರುತ್ತಾಳೆ. ನಿಮ್ಮ ಪ್ರಯೋಗಾಲಯಗಳಲ್ಲಿ ಇದನ್ನೂ ಯಾರಾದರೂ ಗಮನಿಸಬೇಕು.

ಸಾಧನಕೇರಿ | ಸೋಮವಾರ, ರಾತ್ರಿ 10.02

ಸರಿಯಾದ ತಿದ್ದುಪಡಿ. ಫ್ಲೋರೈಡ್ ಎಲುಬಿನ ಹರಳಿನೊಳಗೇ ಸೇರಿಕೊಳ್ಳುತ್ತದೆ, ಎಲುಬು ಕಟ್ಟುವ ಕೋಶಗಳನ್ನೂ ಕೆರಳಿಸುತ್ತದೆ. ಎಲುಬು ಹೆಚ್ಚುತ್ತದೆ, ಆದರೆ ಭಾರ ಬೇಡಿದ ಜಾಗದಲ್ಲಿ, ಭಾರ ಬೇಡಿದ ರೀತಿಯಲ್ಲಿ ಅಲ್ಲ. ಕೀಲಿನ ಸುತ್ತಲಿನ ಕಟ್ಟುಗಳು ಕೂಡ ಎಲುಬಾಗುತ್ತವೆ. ನಿಮ್ಮ ಚಿಕ್ಕವ್ವನ ವಿಷಯ ಓದಿ ಸಂಕಟವಾಯಿತು.

ಕಪ್ಪತಗುಡ್ಡ | ಸೋಮವಾರ, ರಾತ್ರಿ 10.09

ನದಿ ನೀರು ಬಂದ ಊರುಗಳಲ್ಲಿ ಮಕ್ಕಳ ಹಲ್ಲು ಈಗ ಬೆಳ್ಳಗಿವೆ. ಅಷ್ಟು ಸಮಾಧಾನ.

ಮೆಣಸಿನಕಣ | ಮಂಗಳವಾರ, ಬೆಳಗ್ಗೆ 5.50

@ತೋಳನಕೆರೆ, ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಹೌದು, ಹಾಕುತ್ತಾಳೆ. ದಿನಕ್ಕೆ ಐದಾರು ಸಲ. ಆಸ್ಪತ್ರೆಯಲ್ಲಿ ಕೇಳಿದಾಗ ಇಲ್ಲ ಎಂದಳು, ಪಕ್ಕದಲ್ಲಿದ್ದ ನಾನೂ ಸುಮ್ಮನಿದ್ದೆ.

ತೋಳನಕೆರೆ | ಮಂಗಳವಾರ, ಬೆಳಗ್ಗೆ 6.30

ಇಂದೇ ವೈದ್ಯರಿಗೆ ಫೋನ್ ಮಾಡಿ ಹೇಳಿ. ಬೀಡಿ ಸಿಗರೇಟು ಸೇದುವವರ ಎಲುಬು ತಡವಾಗಿ ಕೂಡುವುದು ಚೆನ್ನಾಗಿ ಗೊತ್ತಿರುವ ಸಂಗತಿ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ; ಅದು ಬಾಯಿಂದ ಹೋದರೂ ನಿಕೋಟಿನ್ನೇ. ಎಷ್ಟು ನಡೆದರೂ ಕಟ್ಟುವ ಕೋಶಗಳಿಗೆ ರಕ್ತ ಮುಟ್ಟದಿದ್ದರೆ ಏನು ಮಾಡಿಯಾವು? ಸಕ್ಕರೆ ಕಾಯಿಲೆ, ವಿಟಮಿನ್ ಡಿ ಎರಡನ್ನೂ ಪರೀಕ್ಷೆ ಮಾಡಿಸಿ.

ಬೆಟಗೇರಿ ಮಗ್ಗ | ಮಂಗಳವಾರ, ಬೆಳಗ್ಗೆ 7.15

ಜೋಳದ ರೊಟ್ಟಿ ಹೆಚ್ಚು ಕೊಡಿ, ಎಲುಬಿಗೆ ಬಲ.

ಪದಕೋಶ | ಮಂಗಳವಾರ, ಬೆಳಗ್ಗೆ 7.40

ರೊಟ್ಟಿ ನನಗೂ ಪ್ರಾಣ. ಆದರೆ ಜೋಳದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೇಲೆ ಇರುತ್ತದೆ, ಜೋಳದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ರೊಟ್ಟಿಯ ಜೊತೆ ಎಳ್ಳಿನ ಚಟ್ನಿ, ಮೊಸರು ಇರಲಿ.

ಹೊಸೂರು ನಾಕಾ | ಮಂಗಳವಾರ, ಬೆಳಗ್ಗೆ 10.22

ಇಷ್ಟೆಲ್ಲ ಯಾಕೆ? ಕಾಂಡಕೋಶದ ಇಂಜೆಕ್ಷನ್ ಕೊಡುವ ಕ್ಲಿನಿಕ್‌ಗಳಿವೆ. ಮುರಿದ ಜಾಗಕ್ಕೇ ಚುಚ್ಚುತ್ತಾರೆ. ನಮ್ಮ ಪರಿಚಯದವರೊಬ್ಬರಿಗೆ 1.80 ಲಕ್ಷ ಹೇಳಿದ್ದರು.

ಸಾಧನಕೇರಿ | ಮಂಗಳವಾರ, ಬೆಳಗ್ಗೆ 10.51

ದಯವಿಟ್ಟು ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತದ ಕಾಯಿಲೆಗಳಂಥವಕ್ಕೆ ಮಾಡುವ ರಕ್ತಜನಕ ಕಾಂಡಕೋಶ ಕಸಿ ಬಿಟ್ಟರೆ ಉಳಿದ ಕಾಂಡಕೋಶ ಚಿಕಿತ್ಸೆಗಳನ್ನು ಒಪ್ಪಿಗೆ ಪಡೆದ ಪ್ರಯೋಗಗಳಲ್ಲಿ ಮಾತ್ರ ಮಾಡಬೇಕು. ಪ್ರಯೋಗಕ್ಕೆ ರೋಗಿಯಿಂದ ಹಣ ಕೇಳುವಂತಿಲ್ಲ. ಯಾರಾದರೂ ಲಕ್ಷ ಕೇಳಿದರೆ ಎದ್ದು ಬನ್ನಿ. ಎಲುಬು ಕೂಡದೇ ಉಳಿದರೆ ಸೊಂಟದಿಂದ ಎಲುಬಿನ ಚೂರು ತೆಗೆದು ಕಸಿ ಮಾಡುವ ಹಳೆಯ, ಗಟ್ಟಿಯಾದ ವಿಧಾನ ಶಸ್ತ್ರವೈದ್ಯರ ಬಳಿ ಇದೆ. ರಾಡಿನ ಒಂದು ಬದಿಯ ತಿರುಪು ತೆಗೆದು ಸಂದಿನ ಮೇಲೆ ಹೆಚ್ಚು ಭಾರ ಬೀಳುವಂತೆ ಮಾಡುವುದೂ ಉಂಟು.

ಕೋಶವನ್ನು ಚುಚ್ಚಿ ಬಿಟ್ಟರೆ ಮುಗಿಯಲಿಲ್ಲ. ಅಲುಗಾಟ ಮಿತಿಮೀರಿದ ಸಂದಿನಲ್ಲಿ ಬಿಟ್ಟ ಕೋಶವೂ ನಾರೇ ಆದೀತು.

ಹೊಸೂರು ನಾಕಾ | ಮಂಗಳವಾರ, ಬೆಳಗ್ಗೆ 11.03

ಇದು ಗೊತ್ತಿರಲಿಲ್ಲ. ಅವರಿಗೂ ತಿಳಿಸುತ್ತೇನೆ.

ಮೆಣಸಿನಕಣ | ಮಂಗಳವಾರ, ರಾತ್ರಿ 9.30

ವೈದ್ಯರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ತಂಬಾಕು ಇವತ್ತೇ ಬಿಡಬೇಕು, ನಡಿಗೆ ಇವತ್ತೇ ಶುರುವಾಗಬೇಕು ಎಂದರು.

20 ಕಿಲೋ ಎಂದರೆ ಎಷ್ಟು ಎಂದು ಕಾಲಿಗೆ ತಿಳಿಯುವುದು ಹೇಗೆ ಎಂಬುದೇ ನನ್ನ ಚಿಂತೆಯಾಗಿತ್ತು. ಪಡಸಾಲೆಯಲ್ಲಿ ಮೆಣಸಿನಕಾಯಿ ಚೀಲ ತೂಗುವ ತಕ್ಕಡಿ ಇದೆ, ನೆಲದ ಮೇಲೆ ಇಡುವಂಥದ್ದು, ಅಂಕಿ ತೋರಿಸುವಂಥದ್ದು. ಧೂಳು ಒರೆಸಿ, ಅದರಷ್ಟೇ ಎತ್ತರದ ಮಣೆಯನ್ನು ಪಕ್ಕಕ್ಕಿಟ್ಟು, ಒಳ್ಳೆಯ ಕಾಲು ಮಣೆಯ ಮೇಲೆ, ಮುರಿದ ಕಾಲು ತಕ್ಕಡಿಯ ಮೇಲೆ. ಎರಡು ಕೈಯಲ್ಲೂ ವಾಕರ್. ಮೊದಲ ಸಲ 4 ತೋರಿಸಿತು. ಅವ್ವನ ಹಣೆಯಲ್ಲಿ ಬೆವರು. 4, 7, 6, 11. ‘ಇದು ಅರ್ಧ ಚೀಲವೂ ಆಗಲಿಲ್ಲವಲ್ಲ’ ಎಂದು ಸೋದರತ್ತೆ ಬಾಗಿಲಲ್ಲಿ ನಿಂತು ಹೇಳಿದಳು. ಆಮೇಲೆ ಅಂಕಿ ಓದುವ ಕೆಲಸ ತಾನೇ ವಹಿಸಿಕೊಂಡಳು. 19.5ಕ್ಕೆ ‘ಸಾಕು, ಹಿಡಿ ಅಲ್ಲೇ’ ಎಂದು ಕೂಗಿದಳು.

ತೋಳನಕೆರೆ | ಮಂಗಳವಾರ, ರಾತ್ರಿ 9.41

ಇದೇ ಸರಿಯಾದ ಕ್ರಮ. ನಮ್ಮಲ್ಲೂ ತೂಕದ ಯಂತ್ರದ ಮೇಲೆಯೇ ಕಲಿಸುತ್ತೇವೆ. ಆದರೆ ಹಿಡಿದು ನಿಲ್ಲಿಸಬೇಡಿ. ಒತ್ತಿ, ಬಿಡಿ. ಅಂದಾಜು ಕಾಲಿಗೆ ಹತ್ತಿದ ಮೇಲೆ ತಕ್ಕಡಿ ಬಿಟ್ಟು ನಡೆಸಿ, ಪಡಸಾಲೆಯ ಈ ತುದಿಯಿಂದ ಆ ತುದಿಗೆ. ದಿನಕ್ಕೆ ನಾಲ್ಕು ಸಲ. ಮುರಿದ ಜಾಗದಲ್ಲಿ ಚುಚ್ಚುವ ನೋವು ಬಂದರೆ ಅಂದಿಗೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ.

ಗರಡಿಮನೆ | ಮಂಗಳವಾರ, ರಾತ್ರಿ 10.00

ಸೋದರತ್ತೆಗೆ ನನ್ನ ನಮಸ್ಕಾರ ತಿಳಿಸಿ. ಅವರೇ ಈಗ ಉಸ್ತಾದರು.

ಲಕ್ಕುಂಡಿ | ಬುಧವಾರ, ಬೆಳಗ್ಗೆ 6.45

ಪಡಸಾಲೆಯ ನೆಲ ಒಣಗಿರಲಿ. ಮುಂದಿನ ಎಕ್ಸ್‌ರೇ ಯಾವಾಗ?

ಮೆಣಸಿನಕಣ | ಬುಧವಾರ, ಬೆಳಗ್ಗೆ 7.10

ನಾಲ್ಕು ವಾರ ಬಿಟ್ಟು, ಗುರುವಾರ. ಎಲೆ ಅಡಿಕೆಯ ಡಬ್ಬಿಯನ್ನು ಅವ್ವ ತಾನೇ ತಂದು ನನ್ನ ಕೈಗೆ ಕೊಟ್ಟಿದ್ದಾಳೆ. ಈಗ ಎರಡನೇ ಸುತ್ತು ನಡೆಯುತ್ತಿದ್ದಾಳೆ, ವಾಕರ್ ಸದ್ದು ಇಲ್ಲಿಗೆ ಕೇಳಿಸುತ್ತಿದೆ.